ಎರಡು ಮಾತಿಗೆ ಕಟ್ಟುಬಿದ್ದ ಯೋಧ

ಪ್ರಾಚೀನ ಜರ್ಮಾನಿಕ್ ಜನರ ವೀರಗಾಥೆಗಳಲ್ಲಿ ಒಬ್ಬ ಯೋಧನಿದ್ದಾನೆ. ಬೇರೆ ಬೇರೆ ಗಾಥೆಗಳಲ್ಲಿ ಬೇರೆ ಬೇರೆ ಹೆಸರಿನಿಂದ ಬರುತ್ತಾನೆ. ಅವನ ಅವಸ್ಥೆ ಮಾತ್ರ ಒಂದೇ. ಒಡೆಯನ ವಿಶಾಲವಾದ ಹಜಾರದಲ್ಲಿ ಮರದ ಬೆಂಚಿನಿಂದ ಎದ್ದು ನಿಂತು, ಕೈಯಲ್ಲಿ ಪಾನಪಾತ್ರೆ ಹಿಡಿದು, ಎಲ್ಲರಿಗೂ ಕೇಳಿಸುವಂತೆ ಒಂದು ಮಾತು ಕೊಡುತ್ತಾನೆ. ಒಡೆಯ ಮೆಚ್ಚಿ ಅವನ ತೋಳಿಗೆ ಬಂಗಾರದ ಬಳೆ ತೊಡಿಸುತ್ತಾನೆ. ಬೇರೊಂದು ದಿನ, ಬೇರೊಬ್ಬರಿಗೆ, ಅಷ್ಟೇ ಪ್ರಾಮಾಣಿಕವಾಗಿ ಅವನು ಮತ್ತೊಂದು ಮಾತು ಕೊಟ್ಟಿರುತ್ತಾನೆ. ಆ ಎರಡು ಮಾತುಗಳು ಎದುರುಬದುರು ನಿಲ್ಲುವ ಗಳಿಗೆ ಬರುತ್ತದೆ. ಯಾವುದನ್ನು ಉಳಿಸಿಕೊಂಡರೂ ಅವನು ಮಾತಿಗೆ ತಪ್ಪಿದವನೇ.

ಬೆಳಗಾವಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಗ ನನಗೆ ಈ ಯೋಧನ ಪರಿಚಯವಾಯಿತು. ಪದವಿಯ ಕೊನೆಯ ವರ್ಷ ಅಂತರಕಾಲೇಜು ಚರ್ಚಾಸ್ಪರ್ಧೆಗೆ ಅವನೇ ವಿಷಯವಾದ: ಆ ಯೋಧ ಕ್ಷಮೆಗೆ ಅರ್ಹನೇ, ಅಲ್ಲವೇ? ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಅವನ ವಿರುದ್ಧದ ಪಕ್ಷ. ಒತ್ತಾಯದಿಂದ ಪಡೆದ ಆಣೆಗೆ ಬೆಲೆಯಿಲ್ಲ, ವಿವೇಕಿಯಾದವನು ಎರಡು ಮಾತುಗಳಲ್ಲಿ ಯಾವುದು ಹೆಚ್ಚು ಜನರಿಗೆ ಒಳಿತೋ ಅದನ್ನು ಆರಿಸಿಕೊಂಡು ನಿಶ್ಚಿಂತನಾಗುತ್ತಾನೆ, ‘ಸಿಕ್ಕಿಬಿದ್ದೆ’ ಎಂದು ಗೋಳಾಡುವವನು ಆಯ್ಕೆಯ ಹೊಣೆಯಿಂದ ತಪ್ಪಿಸಿಕೊಳ್ಳುವ ಹೇಡಿ ಎಂದು ವಾದಿಸಿದೆ. ಚಪ್ಪಾಳೆ ಬಿತ್ತು, ಪಾರಿತೋಷಕವೂ ಬಂತು. ತೀರ್ಪುಗಾರರಲ್ಲಿ ಒಬ್ಬರಾಗಿದ್ದ ವೃದ್ಧ ಪ್ರಾಧ್ಯಾಪಕರು ಕೈಕುಲುಕುತ್ತ, “ತಮ್ಮಾ, ನೀ ಯಾವತ್ತರ ಯಾರಿಗರ ಮಾತ ಕೊಟ್ಟೀಯೇನು?” ಎಂದು ಕೇಳಿದರು. ಅವರು ವಿನೋದ ಮಾಡುತ್ತಿದ್ದಾರೆಂದು ಭಾವಿಸಿ ನಕ್ಕುಬಿಟ್ಟೆ.

ಇದಾಗಿ ಹದಿನೈದು ವರ್ಷಗಳ ಮೇಲೆ ನಾನು ಗ್ರಾಮ ಪಂಚಾಯತಿಯ ಸದಸ್ಯನಾದೆ. ನಮ್ಮ ಊರು ಖಾನಾಪುರ ತಾಲ್ಲೂಕಿನದು. ನಾನು ಪ್ರತಿದಿನ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ, ನೆಹರು ನಗರದ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳಿ, ವಿದ್ಯಾರ್ಥಿಗಳನ್ನು ಚರ್ಚಾಸ್ಪರ್ಧೆಗಳಿಗೆ ಸಿದ್ಧಪಡಿಸಿ ಸಂಜೆ ಮರಳುತ್ತಿದ್ದೆ. ಬರಿಯ ಭಾಷಣದಿಂದ ಏನೂ ಬದಲಾಗದೆಂಬ ಅರಿವು ಬಂದಾಗ ಚುನಾವಣೆಗೆ ನಿಂತೆ. ಊರಿನ ಸಾಹುಕಾರರು ತಮ್ಮ ಗುಂಪಿನ ಬೆಂಬಲ ಕೊಟ್ಟರು. ಅವರು ಸ್ವತಃ ಸದಸ್ಯರಲ್ಲ, ಅವರ ಸೊಸೆ ಸದಸ್ಯೆ. “ಓದಿದಾವ್ರು ಒಬ್ರು ಬೇಕ್ರಿ ನಮ್ಮ ಜೋಡಿ,” ಎಂದಷ್ಟೇ ಹೇಳಿದ್ದರು. ಪ್ರತಿಯಾಗಿ ಏನನ್ನೂ ಕೇಳಿರಲಿಲ್ಲ.

ಅಧ್ಯಕ್ಷ ಸ್ಥಾನ ಆ ಸಲ ಮಹಿಳೆಗೆ ಮೀಸಲಾಗಿತ್ತು. ಸಾಹುಕಾರರ ಸೊಸೆಯೇ ಅಧ್ಯಕ್ಷೆಯಾಗುತ್ತಾರೆಂದು ಊರೆಲ್ಲ ತಿಳಿದಿತ್ತು. ಆದರೆ ಕೆಳಗಿನ ಓಣಿಯಿಂದ ಗೆದ್ದ ಇನ್ನೊಬ್ಬ ಮಹಿಳೆ ಇದ್ದರು. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು, ನಾವೆಲ್ಲ ಅಕ್ಕಾರೆಂದೇ ಕರೆಯುತ್ತಿದ್ದೆವು. ಕೆಳಗಿನ ಓಣಿಗೆ ಕುಡಿಯುವ ನೀರಿನ ಪೈಪು ಬಂದಿರಲಿಲ್ಲ. ಅದು ಸಾಹುಕಾರರ ಹೊಲದ ಬದುವಿನ ಮೂಲಕವೇ ಬರಬೇಕಿತ್ತು, ಆದ್ದರಿಂದಲೇ ಬಂದಿರಲಿಲ್ಲ. ಹೆಂಗಸರು ದಿನಕ್ಕೆ ಎರಡು ಸಲ ಏರು ಹತ್ತಿ ಕೊಡ ಹೊತ್ತು ಇಳಿಯುತ್ತಿದ್ದರು. ಅಕ್ಕಾರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದಾಗಿ ಹೇಳಿದಾಗ, ಅವರ ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತು ನಾನು ಮಾತು ಕೊಟ್ಟೆ: ನನ್ನ ಮತ ನಿಮಗೇ.

ಅವರು ದಾರ ಕತ್ತರಿಸುತ್ತ ನನ್ನನ್ನು ದಿಟ್ಟಿಸಿದರು. “ಸರ್, ಚುನಾವಣಿಗಿಂತ ಮದಲ ಸಾಹುಕಾರ್ರು ವ್ಯಾನ್ ತರಸ್ತಾರ. ಅದನ್ನ ಹತ್ತಬ್ಯಾಡ್ರಿ. ವ್ಯಾನ್ ಹತ್ತಿದಾವ್ರು ಅವ್ರು ಇಳಸಿದಲ್ಲೇ ಇಳೀಬೇಕಾಗ್ತದ.”

“ಹತ್ತಿದ್ರೂ ನನ್ನ ಮತಾ ನಂದ ಅಲ್ರೀ ಅಕ್ಕಾರ? ಗುಪ್ತ ಮತದಾನ ಅದ,” ಎಂದೆ. “ಅಲ್ಲೇ ಕುಂತು ಉಳಿದಾವ್ರಿಗೂ ತಿಳಿಸಿ ಹೇಳ್ತೀನಿ. ಮೂರು ದಿವಸದಾಗ ಇಬ್ಬರನ್ನರ ಒಪ್ಪಸ್ತೀನಿ.”

“ನೀವ ಭಾಳ ಓದೀರಿ,” ಎಂದರು ಅವರು. ಅದನ್ನೂ ನಾನು ಮೆಚ್ಚುಗೆಯೆಂದೇ ತಿಳಿದೆ.

ನಮ್ಮ ಸೀಮೆಯಲ್ಲಿ ಇಂಥ ಚುನಾವಣೆಗೆ ಮೊದಲು ಸದಸ್ಯರನ್ನು ‘ಟ್ರಿಪ್’ ಕರೆದೊಯ್ಯುವ ರೂಢಿಯಿದೆ. ಎದುರು ಪಕ್ಷದವರ ಕೈಗೆ ಸಿಗದಂತೆ ಎಲ್ಲಿಯೋ ದೂರದ ವಸತಿಗೃಹದಲ್ಲಿಟ್ಟು, ಮತದಾನದ ಹೊತ್ತಿಗೆ ನೇರವಾಗಿ ಪಂಚಾಯತಿಯ ಬಾಗಿಲಿಗೆ ತಂದು ಇಳಿಸುತ್ತಾರೆ. ಹನ್ನೊಂದು ಮಂದಿ ಸದಸ್ಯರಲ್ಲಿ ಸಾಹುಕಾರರ ಗುಂಪಿನವರು ಆರು. ಸೊಸೆಯನ್ನು ಮನೆಯಲ್ಲೇ ಬಿಟ್ಟು ಉಳಿದ ಐವರನ್ನು ವ್ಯಾನಿಗೆ ಹತ್ತಿಸಿದರು: ನಾನು, ಕಿರಾಣಿ ಅಂಗಡಿಯವನು, ಇಸ್ಪೀಟು ಬಿಟ್ಟು ಬೇರೆ ಮಾತಿಲ್ಲದ ಇಬ್ಬರು ದಾಯಾದಿಗಳು, ಮತ್ತು ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬ ಮಿತಭಾಷಿ. ಅವನ ಮನೆಯೂ ಕೆಳಗಿನ ಓಣಿಯಲ್ಲಿ.

ವ್ಯಾನು ಖಾನಾಪುರ ದಾಟುತ್ತಿದ್ದಂತೆ ಸಾಹುಕಾರರು ಮುಂದಿನ ಸೀಟಿನಿಂದ ತಿರುಗಿ ಒಂದು ಸ್ಟೀಲ್ ಡಬ್ಬಿ ಚಾಚಿದರು. “ಫೋನ್ ಎಲ್ಲಾ ಇದ್ರಾಗ ಹಾಕ್ರಿ. ಪಾಪ, ಅವಕ್ಕೂ ನಾಕ ದಿನಾ ಆರಾಮ ಬೇಕಲ್ಲ.”

“ನನ್ನ ಹೆಂಡ್ತಿನ್ನೂ ಹಿಂಗ ಒಂದ ಡಬ್ಬ್ಯಾಗ ಹಾಕ್ಕೊಂಡ ಬಂದಿದ್ರ ಛಲೋ ಆಗ್ತಿತ್ರಿ,” ಎಂದ ಅಂಗಡಿಯವನು. ಎಲ್ಲರೂ ನಕ್ಕರು. ನಾನೂ ನಕ್ಕು ಫೋನು ಹಾಕಿದೆ.

ಕಾಡಿನ ಅಂಚಿನ ಆ ವಸತಿಗೃಹಕ್ಕೆ ಎತ್ತರವಾದ ಗೇಟು ಇತ್ತು. ಕೋಣೆಗೆ ಹೋಗುವ ಮೊದಲೇ ನಮ್ಮನ್ನು ಊಟದ ಹಜಾರದಲ್ಲಿ ಕೂರಿಸಲಾಯಿತು. ಫೌಂಡ್ರಿಯವನು ಚೀಲದಿಂದ ಹಿತ್ತಾಳೆಯ ತಟ್ಟೆ ತೆಗೆದ. ಅದರಲ್ಲಿ ಭಂಡಾರವಿತ್ತು, ಊರ ಗುಡಿಯ ದೇವರ ಅರಿಶಿನ ಪುಡಿ. ಅದನ್ನು ಮುಟ್ಟಿ, ಮತ ಸಾಹುಕಾರರ ಸೊಸೆಗೇ ಎಂದು ಒಬ್ಬೊಬ್ಬರೂ ಆಣೆ ಮಾಡಬೇಕಿತ್ತು. ಪ್ರತಿ ರವಿವಾರ ಗುಡಿಗೆ ಬಂದವರ ಹಣೆಗೆ ಅದನ್ನು ಹಚ್ಚುವ ಸೇವೆ ಅವನ ಮನೆತನದ್ದು. ಭಂಡಾರ ಮುಟ್ಟಿ ಕೊಟ್ಟ ಮಾತಿಗೆ ತಪ್ಪಿದವನು ನಮ್ಮ ಊರಿನಲ್ಲಿ ಇದುವರೆಗೆ ಇಲ್ಲವೆಂದು ಹೇಳುತ್ತಾರೆ.

ಇಲ್ಲಿ ನನ್ನ ತಪ್ಪನ್ನು ಮುಚ್ಚಿಡದೆ ಬರೆಯಬೇಕು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ಅಂಗೈಯಲ್ಲಿ ದೇವರಿರುವಾಗ ಆಣೆಗೆ ಬೇರೆ ಸಾಕ್ಷಿ ಬೇಡವೆಂದು ನನ್ನ ಅಜ್ಜ ಹೇಳುತ್ತಿದ್ದರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮತವನ್ನು ಆಣೆಗೆ ಕಟ್ಟುವುದು ಪ್ರಜಾಪ್ರಭುತ್ವಕ್ಕೆ ಅಪಚಾರವೆಂದು ಹತ್ತಾರು ಕಾಲೇಜುಗಳಲ್ಲಿ ಭಾಷಣ ಮಾಡಿದವನು. ನಂಬದವನಿಗೆ ಭಂಡಾರವೆಂದರೆ ಅಡುಗೆಮನೆಯ ಅರಿಶಿನ. ನಾನು ಅದನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಮುಟ್ಟದಿದ್ದರೆ ಈಗಲೇ ಹೊರಹಾಕುತ್ತಾರೆ, ಒಪ್ಪಿಸುವ ಅವಕಾಶವೇ ತಪ್ಪುತ್ತದೆ. ಹೀಗೆ ಮನಸ್ಸಿನಲ್ಲೇ ವಾದ ಹೂಡಿ, ಮನಸ್ಸಿನಲ್ಲೇ ಗೆದ್ದು, ತಟ್ಟೆಗೆ ಬೆರಳು ಇಟ್ಟೆ.

ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಒಳಗಿನ ಅಪನಂಬಿಕೆ ಯಾರಿಗಾದರೂ ಕಂಡೀತೆಂಬ ಅಂಜಿಕೆಯಿಂದ ಎದ್ದು ನಿಂತು ಮಾತಾಡಿದೆ. ಮಾತಿಗೆ ತಪ್ಪದ ಹಿರಿಯರ ಬಗ್ಗೆ, ನಾಲಿಗೆಯೇ ಮನುಷ್ಯನ ಕುಲವೆಂಬುದರ ಬಗ್ಗೆ, ನಿಂತ ನಿಲುವಿನಲ್ಲಿ ಐದು ನಿಮಿಷ. ದಾಯಾದಿಗಳು ಇಸ್ಪೀಟಿನ ಕಟ್ಟನ್ನು ಕೆಳಗಿಟ್ಟರು. ಸಾಹುಕಾರರು ಕಣ್ಣೊರೆಸಿಕೊಂಡು, ಎಲ್ಲರಿಗೂ ಒಂದೊಂದು ಬೆಳ್ಳಿಯ ಕಡಗ ತೊಡಿಸಿದರು. “ಇದು ಲಂಚಾ ಅಲ್ರಿ, ಪ್ರೀತಿ,” ಎನ್ನುತ್ತ ನನ್ನ ಕೈಯನ್ನು ತಾವೇ ಹಿಡಿದು ಒತ್ತಿ ಏರಿಸಿದರು. ಆಗಲೇ ನನಗೆ ಆ ಯೋಧನ ನೆನಪಾದದ್ದು: ಹಜಾರ, ಬೆಂಚು, ಎದ್ದು ನಿಂತು ಆಡಿದ ಮಾತು, ಒಡೆಯನ ಬಳೆ.

ಮರುದಿನ ಬೆಳಿಗ್ಗೆ ಕೆಲಸ ಆರಂಭಿಸಿದೆ. ನೀರಿನ ಪೈಪಿನ ವಿಷಯ ತೆಗೆದೆ, ಏರು ಹತ್ತುವ ಹೆಂಗಸರ ವಿಷಯ ತೆಗೆದೆ. ಅಂಗಡಿಯವನು ಶಿರಾ ತಿನ್ನುತ್ತ ತಲೆಯಾಡಿಸಿದ. “ನೀವ ಹೇಳೂದು ಖರೇ ಐತ್ರಿ ಸರ್. ಆದ್ರ ಭಂಡಾರ ಮುಟ್ಟೇವಲ್ರಿ.”

“ಆದರೂ, ವಿಚಾರ ಮಾಡಿದ್ರ...”

“ವಿಚಾರ ಮುಟ್ಟೂಕಿಂತ ಮದಲ ಮಾಡೂದ್ರಿ. ನಿನ್ನಿ ನೀವ ಹೇಳಿದ್ರಲ್ಲ, ನಾಲಗಿನ ಕುಲಾ ಅಂತ. ನಮ್ಮ ಮನ್ಯಾಗ ಇದನ್ನ ಬರದ ಗ್ವಾಡಿಗೆ ಹಚ್ಚಾವ ಅದೀನಿ.”

ನನ್ನ ಪ್ರತಿಯೊಂದು ವಾದವೂ ನನ್ನದೇ ಭಾಷಣಕ್ಕೆ ಬಡಿದು ಮರಳುತ್ತಿತ್ತು. ಗೇಟಿನವರೆಗೆ ಅಡ್ಡಾಡಿ ಬರುತ್ತೇನೆಂದು ಎದ್ದರೆ ಸಾಹುಕಾರರ ವ್ಯಾನಿನ ಚಾಲಕ ಚಪ್ಪಲಿ ಮೆಟ್ಟಿಕೊಂಡು, “ನಾನೂ ಬರ್ತೀನ್ರಿ, ಕಾಡಂದ್ರ ಹುಳಾ ಹುಪ್ಪಡಿ ಇರ್ತಾವು,” ಎಂದು ಜೊತೆಯಾಗುತ್ತಿದ್ದ. ಊಟ, ಟೀವಿ, ಇಸ್ಪೀಟು, ಮತ್ತೆ ಊಟ. ಕೈಯ ಕಡಗ ಬಿಗಿಯಾಗಿತ್ತು, ಸೋಪು ಹಚ್ಚಿದರೂ ಇಳಿಯಲಿಲ್ಲ. ಕಿಟಕಿಯ ಸರಳುಗಳ ಆಚೆ ದಾರಿ ಕಾಣುತ್ತಿತ್ತು. ಸರಳು ಇಲ್ಲದಿದ್ದರೂ ನಾನು ಹೋಗುವಂತಿರಲಿಲ್ಲ. ನನ್ನನ್ನು ಕೂಡಿಹಾಕಿದ್ದು ಗೇಟು ಅಲ್ಲವೆಂದು ತಿಳಿಯಲು ನನಗೆ ಒಂದು ಇಡೀ ದಿನ ಬೇಕಾಯಿತು.

ಎರಡನೆಯ ಮಧ್ಯಾಹ್ನ ಬೇರೆ ಉಪಾಯ ಕಾಣದೆ ಆ ಯೋಧನ ಕಥೆ ಹೇಳಿದೆ. ಒಡೆಯನಿಗೆ ಕೊಟ್ಟ ಮಾತು, ನಂಬಿ ಬಂದವರಿಗೆ ಕೊಟ್ಟ ಮಾತು, ಎರಡರ ನಡುವೆ ಕತ್ತಿ ಹಿಡಿದು ನಿಂತ ಮನುಷ್ಯ. ಈ ಸಲ ನಾನು ಅವನ ಪಕ್ಷದಲ್ಲಿದ್ದೆ. ಆಣೆಯನ್ನು ಮುರಿಯುವುದೂ ಒಮ್ಮೊಮ್ಮೆ ಧರ್ಮವಾದೀತೆಂಬ ಸಂಶಯವನ್ನು ಅವರ ಮನಸ್ಸಿನಲ್ಲಿ ಬಿತ್ತುವುದು ನನ್ನ ಉದ್ದೇಶ.

“ಎರಡೂ ಕಡೆ ಕೈ ಹಾಕಿದ್ರ ಹಿಂಗ ಆಗೂದ,” ಎಂದ ಅಂಗಡಿಯವನು.

ಆಗ ಫೌಂಡ್ರಿಯವನು ಬಾಯಿ ತೆರೆದ. “ಆ ಮನಷ್ಯಾ ಒಡೆಯಾನ ಕಡೆ ಹೋಗಿ, ನನ್ನ ಆಣಿ ಇಳಸಪಾ ಅಂತ ಕೇಳಲಿಲ್ಲೇನ್ರಿ?”

“ಕೇಳಿದ್ರೂ ಒಡೆಯ ಬಿಡ್ತಿದ್ದಿಲ್ಲ.”

“ಬಿಡ್ಲಿ, ಬಿಡದ ಇರ್ಲಿ. ಕೇಳಬೇಕಿತ್ತಲ್ರಿ. ಆಣಿ ಇಟ್ಟಾವಗ ಎದುರ ನಿಂತ, ನನಗ ಇದು ಆಗಾಂಗಿಲ್ಲ ಅಂತ ಹೇಳಿದ್ರ ಅದು ಮುರದಂಗ ಅಲ್ರಿ. ನಮ್ಮಲ್ಲೆ ಹಂಗ ಐತಿ.”

ಆ ಗಾಥೆಗಳನ್ನು ಓದುವಾಗ ನನಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ. ಸಾಹುಕಾರರು ಅಂಗಳದ ಮಾವಿನ ಮರದ ಕೆಳಗೆ ಆರಾಮಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು. ನನ್ನಿಂದ ಇಪ್ಪತ್ತು ಹೆಜ್ಜೆ ದೂರ. ಎದ್ದು ಹೋಗಿ, ನನ್ನ ಆಣೆ ಇಳಿಸಿಕೊಳ್ಳಿ ಎಂದರೆ ಮುಗಿಯುತ್ತಿತ್ತು. ಬೈಯುತ್ತಿದ್ದರು, ಬಹುಶಃ ಗೇಟಿನ ಹೊರಗೆ ಹಾಕುತ್ತಿದ್ದರು. ನಾನು ಏಳಲಿಲ್ಲ. ಕಣ್ಣೊರೆಸಿಕೊಂಡ ಆ ಹಿರಿಯರೆದುರು ನನ್ನ ಭಾಷಣ ಸುಳ್ಳೆಂದು ಹೇಳುವುದಕ್ಕಿಂತ, ಚೀಟಿಯ ಮರೆಯಲ್ಲಿ ಅವರಿಗೆ ದ್ರೋಹ ಮಾಡುವುದು ನನಗೆ ಸುಲಭವಾಗಿ ಕಂಡಿತು.

ಮತದಾನದ ದಿನ ವ್ಯಾನು ಪಂಚಾಯತಿಯ ಬಾಗಿಲಿಗೇ ಬಂದು ನಿಂತಿತು. ಅಕ್ಕಾರು ಹೊರಗೆ ಜಗಲಿಯ ಮೇಲೆ ಕೂತಿದ್ದರು. ನನ್ನ ಕಡೆ ನೋಡಿದರು, ನನ್ನ ಕೈಯ ಕಡಗ ನೋಡಿದರು, ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ರಟ್ಟಿನ ಮರೆಯ ಹಿಂದೆ ಚೀಟಿ ಬಿಡಿಸುವ ಮೊದಲು ಭಂಡಾರ ಮುಟ್ಟಿದ ಬೆರಳನ್ನು ಅಂಗಿಗೆ ಒರೆಸಿಕೊಂಡೆ. ನಂಬದವನಿಗೆ ಅರಿಶಿನ ಬರೀ ಅರಿಶಿನವಾಗಿದ್ದರೆ ಆ ಬೆರಳನ್ನು ಯಾಕೆ ಒರೆಸಬೇಕು? ಅಕ್ಕಾರ ಹೆಸರಿನ ಮುಂದೆ ಗುರುತು ಹಾಕಿದೆ. ಹೊರಬಂದಾಗ ನಿಶ್ಚಿಂತೆ ಬರಲಿಲ್ಲ. ಅದು ಬರುತ್ತದೆಂದು ನಾನೇ ಒಂದು ಕಾಲದಲ್ಲಿ ವಾದಿಸಿ ಪಾರಿತೋಷಕ ಗೆದ್ದಿದ್ದೆ.

ಅಕ್ಕಾರಿಗೆ ಆರು ಮತ, ಸಾಹುಕಾರರ ಸೊಸೆಗೆ ಐದು.

ಸಾಹುಕಾರರು ಕೂಗಾಡಲಿಲ್ಲ. “ನಮ್ಮ ಜೋಡಿ ಕುಂತು ಉಂಡಾವನ ಮಾಡ್ಯಾನ,” ಎಂದು ಹೇಳಿ ಹೊರಟುಹೋದರು. ಯಾರು ಎಂಬುದನ್ನು ಊರು ಅರ್ಧ ದಿನದಲ್ಲಿ ತೀರ್ಮಾನಿಸಿತು. ಕೆಳಗಿನ ಓಣಿಯವನು ಯಾರು? ಆಣೆ ಇಳಿಸುವ ಮಾತೆತ್ತಿದವನು ಯಾರು? ಅದೂ ತಟ್ಟೆ ಹಿಡಿದ ಕೈಯಿಂದಲೇ ಇಂಥ ಕೆಲಸ! ರವಿವಾರ ಗುಡಿಯ ಹಿರಿಯರು ಫೌಂಡ್ರಿಯವನಿಗೆ, ನಿಜ ಹೊರಬರುವವರೆಗೆ ಸೇವೆಗೆ ಬರಬೇಡವೆಂದು ಹೇಳಿದರು. ಅವನು “ನಾ ಹಾಕಿಲ್ರಿ” ಎಂದು ಒಂದೇ ಸಲ ಹೇಳಿ, ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮನೆಗೆ ಹೋದ. ಅವನ ತಂದೆ, ಅಜ್ಜ, ಮುತ್ತಜ್ಜ ಹಿಡಿದ ತಟ್ಟೆ ಅದು.

ನಾನು ಅದೇ ದಿನ ಸಾಹುಕಾರರ ಮನೆಗೆ ಹೋಗಿ ಸತ್ಯ ಹೇಳಿದೆ. ಅವರು ಚಹಾ ತರಿಸಿದರು.

“ನಿಮ್ಮ ಮನಸ್ಸು ದೊಡ್ಡದ್ರಿ ಸರ್. ಬಡವನ ಮ್ಯಾಲಿನ ಅಪವಾದಾ ನೀವ ತಗೋಳಾಕತ್ತೀರಿ.”

“ಇಲ್ರಿ, ಖರೇನ ನಾನ ಹಾಕಿದ್ದು. ಅಕ್ಕಾರಿಗೆ ಮದಲ ಮಾತ ಕೊಟ್ಟಿದ್ದೆ. ಮತ್ತ, ತರ್ಕಬದ್ಧವಾಗಿ ನೋಡಿದ್ರ...”

“ನೋಡ್ರಿ, ಈಗೂ ಎಷ್ಟ ಛಂದ ಮಾತಾಡಾಕತ್ತೀರಿ!” ಎಂದು ಅವರು ನಕ್ಕರು. “ಅವತ್ತ ಆಣಿ ಇಟ್ಟ ಹಂಗ ಮಾತಾಡಿದಾವ್ರು ಹಿಂತಾದ್ದ ಮಾಡಾಂಗಿಲ್ರಿ. ನಾ ಕಣ್ಣಾರೆ ನೋಡೇನಿ. ಚಹಾ ಆರತೈತಿ, ಕುಡೀರಿ.”

ಕಾರಣ, ಸಾಕ್ಷಿ, ಸಂದರ್ಭ ಎಲ್ಲವನ್ನೂ ಮುಂದಿಟ್ಟೆ. ಪ್ರತಿಯೊಂದು ಮಾತೂ ನನ್ನ ದೊಡ್ಡತನಕ್ಕೆ ಇನ್ನೊಂದು ಪುರಾವೆಯಾಗುತ್ತ ಹೋಯಿತು. ಇಷ್ಟು ವರ್ಷ ಎರಡೂ ಪಕ್ಷಗಳ ಪರವಾಗಿ ಸಮಾನ ಶಕ್ತಿಯಿಂದ ವಾದಿಸಬಲ್ಲೆನೆಂದು ಹೆಮ್ಮೆಪಟ್ಟವನಿಗೆ, ತನ್ನ ಸ್ವಂತ ಅಪರಾಧವನ್ನು ರುಜುವಾತು ಮಾಡಲಾಗಲಿಲ್ಲ. ಅಕ್ಕಾರ ಹತ್ತಿರ ಹೋದೆ. “ನಾ ಹೇಳಿದ್ರ, ಗೆದ್ದಾಕಿ ಓಣಿಯವನ್ನ ಉಳಸಾಕ ಹೇಳ್ತಾಳ ಅಂತಾರ್ರಿ,” ಎಂದರು. ಅದೂ ನಿಜವಾಗಿತ್ತು.

ಕೊನೆಗೆ ಮಚ್ಛೆಗೆ ಹೋಗಿ, ಪಾಳಿ ಬಿಡುವ ಹೊತ್ತಿಗೆ ಫೌಂಡ್ರಿಯ ಎದುರಿನ ಚಹಾದಂಗಡಿಯಲ್ಲಿ ಕಾದೆ. ಅವನು ಹುಬ್ಬಿನವರೆಗೂ ಕರಿಮಸಿಯಾಗಿ ಬಂದ. ನನ್ನನ್ನು ಕಂಡು ಅಚ್ಚರಿಪಡಲಿಲ್ಲ.

“ಹಾಕಿದ್ದು ನಾನು,” ಎಂದೆ.

“ಗೊತ್ತೈತ್ರಿ. ಆ ದೂರದ ಮನಷ್ಯಾನ ಕಥಿ ಹೇಳೂಮುಂದ ನೀವ ಕೈಯಾಗಿನ ಕಡಗ ಜಗ್ಗಾಕತ್ತಿದ್ರಿ.”

“ಮತ್ತ ಗುಡ್ಯಾಗ ಯಾಕ ಹೇಳಲಿಲ್ಲ?”

“ತಾಟ ಹಿಡದಾವ ಇನ್ನೊಬ್ಬರ ಹೆಸರ ಹೇಳಬಾರದ್ರಿ.” ಅವನು ಬಸಿಗೆ ಚಹಾ ಸುರಿದುಕೊಂಡ. “ನೀವ ಸಾಹುಕಾರ್ರಿಗೆ ಮನ್ಯಾಗ ಹೇಳಿದ್ರ ಅದು ಮಾತಾಗ್ತೈತಿ. ನಿಮ್ಮ ಕಡೆ ಮಾತಿಗೇನ ಕಡಿಮಿ? ಗುಡಿ ಮುಂದ ತಲಿ ಮ್ಯಾಲ ನೀರ ಹಾಕ್ಕೊಂಡ, ಹಸಿ ಅರಿವ್ಯಾಗ ನಿಂತು, ಭಂಡಾರದ ಮುಂದ ತಪ್ಪ ಒಪ್ಪಿದ್ರ ಅದನ್ನ ಯಾರೂ ಸುಳ್ಳ ಅನ್ನಾಂಗಿಲ್ಲ. ಆದ್ರ ಹಂಗ ಒಪ್ಪಿದಾವನ್ನ ಮುಂದ ಊರಾಗ ಯಾವ ಸಾಕ್ಷಿಗೂ ಕರ್ಯಾಂಗಿಲ್ರಿ. ವಿಚಾರ ಮಾಡ್ರಿ.”

“ನನಗ ಅದ್ರಾಗ ನಂಬಿಕಿ ಇಲ್ಲ,” ಎಂದೆ. ನನ್ನಲ್ಲಿ ಉಳಿದಿದ್ದ ಒಂದೇ ಪ್ರಾಮಾಣಿಕ ವಾಕ್ಯ ಅದಾಗಿತ್ತು.

“ನಿಮಗಿಲ್ಲಂದ್ರೂ ನಡೀತೈತ್ರಿ. ನಂಬಾವ್ರು ನಾವ ಅದೀವಲ್ಲ.”

ಬಸ್ಸಿನಲ್ಲಿ ಮರಳುವಾಗ ಎರಡೂ ಕಡೆಯ ವಾದಗಳನ್ನು ಹೂಡಿದೆ. ಒಪ್ಪಿಕೊಂಡರೆ ನಾನು ಜೀವಮಾನವಿಡೀ ವಿರೋಧಿಸಿದ ಪದ್ಧತಿಗೇ ತಲೆಬಾಗಿದಂತೆ. ಆಣೆಗೆ ಮತವನ್ನು ಕಟ್ಟುವವರಿಗೆ ನನ್ನ ಹಸಿ ಬಟ್ಟೆಯೇ ಉದಾಹರಣೆಯಾಗುತ್ತದೆ. ಒಪ್ಪಿಕೊಳ್ಳದಿದ್ದರೆ ಒಬ್ಬ ನಿರಪರಾಧಿ ತನ್ನ ಗುಡಿಗೆ ಹೊರಗಿನವನಾಗಿ ಉಳಿಯುತ್ತಾನೆ. ಚರ್ಚಾಸ್ಪರ್ಧೆಯಾಗಿದ್ದರೆ ಮೊದಲನೆಯ ಪಕ್ಷಕ್ಕೆ ಹೆಚ್ಚು ಅಂಕ ಬರುತ್ತಿತ್ತು.

ಮುಂದಿನ ರವಿವಾರ ಬೆಳಿಗ್ಗೆ ಗುಡಿಯ ಮುಂದಿನ ನಳದಿಂದ ಎರಡು ಕೊಡ ನೀರು ತಲೆಗೆ ಸುರಿದುಕೊಂಡು ನಿಂತೆ. ಊರಿನ ಅರ್ಧ ಜನ ಸೇರಿದ್ದರು. ಸಾಹುಕಾರರು ಕಂಬಕ್ಕೆ ಒರಗಿ ನಿಂತಿದ್ದರು. ನಾನು ಆರಂಭಿಸಿದೆ: “ಹಿರಿಯರ, ಈ ಘಟನೆಗೆ ಒಂದು ಹಿನ್ನೆಲೆ ಅದ. ಮದಲ ಅಕ್ಕಾರಿಗೆ...”

“ಕಾರಣಾ ಕೇಳಿಲ್ರಿ,” ಎಂದರು ಪೂಜಾರಿ.

ಹಿನ್ನೆಲೆಯಿಲ್ಲದೆ, ಪೂರ್ವಪಕ್ಷವಿಲ್ಲದೆ, ಇಳಿಜಾರಿನಂತೆ ಒಯ್ದು ಮುಟ್ಟಿಸುವ ಪೀಠಿಕೆಯಿಲ್ಲದೆ ನಾನು ಎಂದೂ ಒಂದು ವಾಕ್ಯ ಆಡಿದವನಲ್ಲ. ಗಡ್ಡದಿಂದ ನೀರು ಇಳಿಯುತ್ತಿತ್ತು.

“ಭಂಡಾರ ಮುಟ್ಟಿ ಮಾತ ಕೊಟ್ಟೆ. ಮುರದೆ. ನಾನ ಮುರದದ್ದು.”

ಸಾಹುಕಾರರ ಮುಖದಲ್ಲಿ ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು; ಅವರು ಬಹಳ ವಯಸ್ಸಾದವರಂತೆ ಕಂಡರು, ಕೋಲು ಎತ್ತಿಕೊಂಡು ನಿಧಾನವಾಗಿ ಹೊರಟುಹೋದರು. ಪೂಜಾರಿ ತಟ್ಟೆಯನ್ನು ಫೌಂಡ್ರಿಯವನ ಕೈಗೆ ಕೊಟ್ಟರು. ಅವನು ಸಾಲಿನಲ್ಲಿ ನಿಂತ ಎಲ್ಲರ ಹಣೆಗೂ ಹಚ್ಚುತ್ತ ಬಂದು, ನನ್ನೆದುರು ಒಂದು ಕ್ಷಣ ನಿಂತು, ನನ್ನ ಹಣೆಗೂ ಹಚ್ಚಿದ. ಅದು ಕ್ಷಮೆಯೋ ಗುರುತೋ ನಾನು ಕೇಳಲಿಲ್ಲ.

ಈಗ ತರಗತಿಯಲ್ಲಿ ಆ ಯೋಧನ ಪಾಠ ಬಂದಾಗ ಅವನು ಕ್ಷಮಾರ್ಹನೇ ಎಂದು ವಿದ್ಯಾರ್ಥಿಗಳನ್ನು ಕೇಳುವುದಿಲ್ಲ. ಮೊದಲನೆಯ ಮಾತು ಕೊಡುವಾಗ ಅವನ ಮುಖ ಹೇಗಿದ್ದಿರಬಹುದು ಎಂದು ಕೇಳುತ್ತೇನೆ. ಅವರು ತಮಗೆ ತೋಚಿದ್ದನ್ನು ಹೇಳುತ್ತಾರೆ. ಬಹಳ ಸಂತೋಷವಾಗಿದ್ದಿರಬೇಕು, ಎಲ್ಲರೂ ತನ್ನನ್ನೇ ನೋಡುತ್ತಿದ್ದರಲ್ಲ ಎಂದು ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು. ನಾನು ತಿರುಗಿ ಕಪ್ಪು ಹಲಗೆ ಒರೆಸತೊಡಗಿದೆ.

ಅಕ್ಕಾರು ಅಧ್ಯಕ್ಷೆಯಾದ ನಾಲ್ಕನೆಯ ತಿಂಗಳಲ್ಲಿ ಸಾಹುಕಾರರು ಹೊಲದ ಬದುವಿನಲ್ಲಿ ಪೈಪು ಹಾಕಲು ಒಪ್ಪಿದರು. ಅವರನ್ನು ಒಪ್ಪಿಸಿದ್ದು ನಾನಲ್ಲ. ಅವರ ಸೊಸೆಯೇ ಅಕ್ಕಾರ ಮನೆಗೆ ರವಿಕೆ ಹೊಲಿಸಲು ಹೋಗಿ ಬಂದು ಮಾತಾಡಿದರಂತೆ. ಒಪ್ಪಿಗೆಯ ಕಾಗದ ಸಭೆಗೆ ಬಂತು. ಅದರ ಒಕ್ಕಣೆ ಬರೆದದ್ದು ನಾನು. ಅಂಥ ಬರವಣಿಗೆಗೆ ಊರಿನಲ್ಲಿ ಈಗಲೂ ನನ್ನನ್ನೇ ಕರೆಯುತ್ತಾರೆ. ಕೆಳಗೆ ಇಬ್ಬರು ಸಾಕ್ಷಿಗಳ ರುಜು ಬೇಕಾಗಿತ್ತು. ಅಂಗಡಿಯವನು ರುಜು ಮಾಡಿ ಕಾಗದವನ್ನು ಪಕ್ಕಕ್ಕೆ ಸರಿಸಿದ. ಪಕ್ಕದಲ್ಲಿ ಕೂತಿದ್ದವನು ನಾನು. ರೂಢಿಯಿಂದ ಪೆನ್ನಿನ ಮುಚ್ಚಳ ತೆಗೆದೆ.

“ಸರ್,” ಎಂದರು ಅಕ್ಕಾರು, ಬಹಳ ಮೆಲ್ಲಗೆ. ಕಾಗದವನ್ನು ಅವರೇ ಎತ್ತಿ, ನನ್ನ ಮುಂದಿನಿಂದ ದಾಟಿಸಿ, ಫೌಂಡ್ರಿಯವನ ಮುಂದಿಟ್ಟರು. ಅವನ ಹತ್ತಿರ ಪೆನ್ನು ಇರಲಿಲ್ಲ. ನನ್ನದನ್ನು ಕೊಟ್ಟೆ.